ಏರ್‌ಪೋರ್ಟ್‌ನಲ್ಲಿ ಫೋನ್ ತೆರೆಸುವುದರ ವಿರುದ್ಧ ಕೇಸ್ ಹಾಕಿ ಸೋತ ವಕೀಲರು: ಇಷ್ಟು ವರ್ಷ ಗುದ್ದಾಡಿ ಏನು ಬಂತು?

ತುಂಗಾತೀರ
ಅಕ್ಕನ ಮಗಳು ಎಂಎಸ್ ಮಾಡಲು ಬೋಸ್ಟನ್‌ಗೆ ಹೊರಟಿದ್ದಾಳೆ. ವೀಸಾಗೋಸ್ಕರ ಇನ್‌ಸ್ಟಾಗ್ರಾಂ ಎಲ್ಲ ಪಬ್ಲಿಕ್ ಮಾಡಿದ್ದಾಯಿತು. 2025ರ ಜೂನ್‌ನಿಂದ ಸ್ಟೂಡೆಂಟ್ ವೀಸಾದವರು ಹಾಗೆ ಮಾಡಲೇಬೇಕು, ಡಿಸೆಂಬರ್‌ನಿಂದ ಎಚ್‌1ಬಿಯವರೂ ಸೇರಿಕೊಂಡರು. ಈಗ ಮನೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಹೊಸ ಗಲಾಟೆ. ಅಲ್ಲಿ ಇಳಿದ ಮೇಲೆ ಫೋನ್ ಈಸಿಕೊಂಡು ನೋಡುತ್ತಾರಂತೆ, ಖಾಲಿ ಫೋನ್ ಕೊಂಡುಕೊಂಡು ಹೋಗು ಅಂತ ಒಬ್ಬರು, ಹಾಗೆ ಮಾಡಿದರೇ ಅನುಮಾನ ಬರುತ್ತೆ ಅಂತ ಇನ್ನೊಬ್ಬರು.

ಸರಿ ಅಂತ ನಾನೇ ಕೂತು ಓದಿದೆ. ಅಲಾಸಾದ್ ಅಂತ ಒಂದು ಕೇಸ್. 2017ರ ಸೆಪ್ಟೆಂಬರ್‌ನಲ್ಲಿ ಎಸಿಎಲ್‌ಯು (ನಾಗರಿಕ ಹಕ್ಕುಗಳ ಸಂಘಟನೆ) ಮತ್ತು ಇಎಫ್‌ಎಫ್ (ಡಿಜಿಟಲ್ ಹಕ್ಕುಗಳ ಸಂಘಟನೆ) ವಕೀಲರು ಬೋಸ್ಟನ್ ಕೋರ್ಟ್‌ನಲ್ಲೇ ಹಾಕಿದ್ದು. ಅರ್ಜಿದಾರರು 11 ಜನ: 10 ಮಂದಿ ಅಮೆರಿಕದ ಪ್ರಜೆಗಳೇ, ಒಬ್ಬರು ಗ್ರೀನ್ ಕಾರ್ಡ್‌ನವರು. 2019ರ ನವೆಂಬರ್‌ನಲ್ಲಿ ಗೆದ್ದರು. 2021ರ ಫೆಬ್ರುವರಿಯಲ್ಲಿ ಮೇಲಿನ ಕೋರ್ಟ್‌ನಲ್ಲಿ ಸೋತರು. ಅದೇ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನೋಡುವುದೇ ಇಲ್ಲ ಅಂದಿತು. ಮುಗಿಯಿತು. ಅಷ್ಟು ದೊಡ್ಡ ವಕೀಲರು ಇಷ್ಟು ವರ್ಷ ಗುದ್ದಾಡಿ ಏನು ಬಂತು? ನಿಜವಾಗಿಯೂ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಕಟ್ಟೆಪುರಾಣ
ಏನೂ ಬರಲಿಲ್ಲ. ಸರ್ಕಾರದ ಮೇಲೆ ಕೇಸ್ ಹಾಕಿ ಯಾರು ಉದ್ಧಾರ ಆಗಿದ್ದಾರೆ ಹೇಳಿ.

ಬೇ ಏರಿಯಾ ಬಸಣ್ಣ
ಕಟ್ಟೆಪುರಾಣ ಸರ್, ಅಷ್ಟು ಸುಲಭಕ್ಕೆ ತೀರ್ಪು ಕೊಡಬೇಡಿ. ಮೊದಲು ಅಲ್ಲಿನ ಕಾನೂನು ಏನು ಅಂತ ನೋಡೋಣ.

ಊರೊಳಗೆ ಪೊಲೀಸರು ನಿಮ್ಮನ್ನು ಹಿಡಿದರೂ ಫೋನ್ ಒಳಗೆ ನೋಡಲು ವಾರಂಟ್ ಬೇಕು. 2014ರಲ್ಲಿ ರೈಲಿ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಅಷ್ಟೂ ಜಡ್ಜ್‌ಗಳು ಒಮ್ಮತದಿಂದ ಹೇಳಿದ್ದು. ಆದರೆ ಗಡಿಗೆ ಬೇರೆ ಲೆಕ್ಕ. ದೇಶದೊಳಗೆ ಬರುವ ಪೆಟ್ಟಿಗೆ, ಮೂಟೆ ಏನಿದ್ದರೂ ವಾರಂಟ್ ಇಲ್ಲದೆ ಬಿಚ್ಚಿ ನೋಡಬಹುದು ಅನ್ನುವುದು ಅವರ ಹಳೇ ಕಸ್ಟಮ್ಸ್ ಕಾಲದ ನಿಯಮ. ಹಡಗಿನಲ್ಲಿ ಕದ್ದು ಸಾಗಿಸುವ ಮಾಲು ಹಿಡಿಯಲು ಮಾಡಿದ್ದು. ಅದನ್ನೇ ಈಗ ಹತ್ತು ವರ್ಷದ ಫೋಟೋ, ಬ್ಯಾಂಕ್ ಮೆಸೇಜ್, ಡಾಕ್ಟರ್ ರಿಪೋರ್ಟ್ ಎಲ್ಲ ಇರುವ ಫೋನ್‌ಗೂ ಹಾಕುತ್ತಿದ್ದಾರೆ. ಫೋನ್ ಒಂದು ಸೂಟ್‌ಕೇಸ್ ಅಂತ ಸರ್ಕಾರದ ವಾದ. ಅಲ್ಲ ಅಂತ ಈ ವಕೀಲರ ವಾದ. ಇಡೀ ಕೇಸ್ ಇಷ್ಟೇ.

ಕೇಸ್ ಹಾಕಿದ ನಾಲ್ಕೇ ತಿಂಗಳಿಗೆ, 2018ರ ಜನವರಿಯಲ್ಲಿ, ಗಡಿ ಇಲಾಖೆ ಹೊಸ ನಿಯಮ ಹೊರಡಿಸಿತು. ಕೈಯಲ್ಲಿ ಸ್ಕ್ರೋಲ್ ಮಾಡಿ ನೋಡಲು ಕಾರಣ ಬೇಡ. ಆದರೆ ಮೆಷಿನ್‌ಗೆ ಚುಚ್ಚಿ ಕಾಪಿ ಮಾಡಿಕೊಳ್ಳಬೇಕಾದರೆ ಸಕಾರಣ ಅನುಮಾನ ಇರಬೇಕು, ಇಲ್ಲ ರಾಷ್ಟ್ರೀಯ ಭದ್ರತೆಯ ಪ್ರಶ್ನೆ ಇರಬೇಕು, ಮೇಲಧಿಕಾರಿ ಒಪ್ಪಬೇಕು. ಜೊತೆಗೆ ಫೋನ್‌ನ ಇಂಟರ್ನೆಟ್ ಆಫ್ ಮಾಡಿಯೇ ನೋಡಬೇಕು. ಅಂದರೆ ಕ್ಲೌಡ್‌ನಲ್ಲಿ ಇರುವುದು ಅವರ ಕೈಗೆ ಸಿಗಬಾರದು. ಇದು ಸುಮ್ನೆ ಬಂತಾ?

ಧಾರವಾಡ ಪೇಡೆ
ಬಸಣ್ಣ, ಆ ನಿಯಮಕ್ಕೆ ಅಲಾಸಾದ್ ಕೇಸೇ ಕಾರಣ ಅನ್ನಬೇಡ್ರೀ. ಮೆಷಿನ್ ತಪಾಸಣೆಗೆ ಸಕಾರಣ ಅನುಮಾನ ಬೇಕು ಅಂತ ಒಂಬತ್ತನೇ ಸರ್ಕ್ಯೂಟ್ (ಕ್ಯಾಲಿಫೋರ್ನಿಯಾ ಕಡೆಯ ಮೇಲ್ಮನವಿ ಕೋರ್ಟ್) 2013ರಲ್ಲೇ ಕಾಟರ್‌ಮನ್ ಕೇಸಿನಲ್ಲಿ ಹೇಳಿತ್ತು. ಇಲಾಖೆ ಐದು ವರ್ಷ ತಡವಾಗಿ ಅದನ್ನ ಕಾಗದಕ್ಕೆ ಇಳಿಸಿತು ಅಷ್ಟೇ.

ಬೇ ಏರಿಯಾ ಬಸಣ್ಣ
ಐದು ವರ್ಷ ಸುಮ್ಮನಿದ್ದವರು ಕೇಸ್ ಬಿದ್ದ ನಾಲ್ಕು ತಿಂಗಳಿಗೆ ಎದ್ದರು. ನಾನು ಹೇಳಿದ್ದೂ ಅದೇ.

ಚುರ್ಮುರಿ
ಯಾವ ದೇಶವಾದರೂ ಗಡಿಯಲ್ಲಿ ನೋಡೇ ನೋಡುತ್ತೆ ಸ್ವಾಮಿ. ಮಕ್ಕಳ ಅಶ್ಲೀಲ ಚಿತ್ರ ಸಾಗಿಸುವವರು, ಡ್ರಗ್ಸ್‌ನವರು ಸಿಕ್ಕಿಬೀಳುವುದು ಹೀಗೇ. ಕಾಟರ್‌ಮನ್ ಯಾವ ಕೇಸ್ ಅಂತ ಯಾರಾದರೂ ಹೇಳಿದ್ರಾ? ಅದೇ ಮಕ್ಕಳ ಕೇಸ್. ಅಂಥವರ ಪರ ವಾದ ಮಾಡುವುದು ನಾಗರಿಕ ಹಕ್ಕಾ? ತಪ್ಪು ಮಾಡದವರಿಗೆ ಭಯ ಯಾಕೆ?

ವಕಾಲತ್ತು
ಚುರ್ಮುರಿ, ಕಾಟರ್‌ಮನ್‌ಗೆ ಆ ತೀರ್ಪಿನಿಂದ ನಯಾಪೈಸೆ ಲಾಭ ಆಗಲಿಲ್ಲ. ಅವನ ಮೇಲೆ ಅನುಮಾನಕ್ಕೆ ಕಾರಣ ಇತ್ತು, ಆದ್ದರಿಂದ ಸಾಕ್ಷಿ ನಿಲ್ಲುತ್ತೆ ಅಂತಲೇ ಕೋರ್ಟ್ ಹೇಳಿತು. ಉಳಿದವರಿಗೆ ನಿಯಮ ಸಿಕ್ಕಿತು. ಕ್ರಿಮಿನಲ್ ಕೇಸ್‌ಗಳಲ್ಲಿ ಹಕ್ಕಿನ ಕಾನೂನು ಬೆಳೆಯುವುದು ಹೆಚ್ಚಾಗಿ ಹೀಗೇ, ಕೆಟ್ಟವನ ಹೆಸರಿನ ಮೇಲೆ.

ಅದಕ್ಕೇ ಅಲಾಸಾದ್ ಕೇಸ್ ಬೇರೆ ಥರ. ಆ ಹನ್ನೊಂದು ಜನರಲ್ಲಿ ಯಾರ ಮೇಲೂ ಯಾವ ಆರೋಪವೂ ಇರಲಿಲ್ಲ. ವಕೀಲರು ಬೇಕಂತಲೇ ಅಂಥವರನ್ನು ಹುಡುಕಿದರು ಅಂತ ಕಾಣುತ್ತೆ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಒಬ್ಬರು ನಾಸಾದ ಲ್ಯಾಬ್ ಇಂಜಿನಿಯರ್. ಚಿಲಿ ದೇಶದಲ್ಲಿ ಸೌರ ಕಾರ್ ರೇಸ್ ಮುಗಿಸಿ ವಾಪಸ್ ಬರುವಾಗ, 2017ರ ಜನವರಿ ಕೊನೆಯಲ್ಲಿ, ಹ್ಯೂಸ್ಟನ್‌ನಲ್ಲಿ ಹಿಡಿದು ಪಾಸ್‌ಕೋಡ್ ಕೇಳಿದರು. ಫೋನ್ ಲ್ಯಾಬಿನದು, ಕೊಡುವ ಹಾಗಿಲ್ಲ ಅಂದರೂ ಬಿಡಲಿಲ್ಲ. ಇನ್ನೊಬ್ಬ ಮಹಿಳೆ ತಲೆವಸ್ತ್ರ ಹಾಕುವವರು. ಫೋನ್‌ನಲ್ಲಿ ತಾನೂ ಮಗಳೂ ಅದಿಲ್ಲದೆ ಇರುವ ಫೋಟೋಗಳಿವೆ, ಗಂಡಸರು ನೋಡಬಾರದು ಅಂತ ಬೇಡಿಕೊಂಡರು. ಇನ್ನೊಬ್ಬರ ಫೋನ್ ಹತ್ತು ತಿಂಗಳಾದರೂ ವಾಪಸ್ ಬರಲಿಲ್ಲ. ಇವರಲ್ಲಿ ತಪ್ಪು ಮಾಡಿದವರು ಯಾರು ಹೇಳಿ?

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಥ ಕೇಸಿನಲ್ಲಿ ಕೊನೆಯ ಸಾಲು ಮಾತ್ರ ಓದಿದರೆ ಸೋಲೇ ಕಾಣುವುದು. ನಡುವೆ ಏನು ಹೊರಬಂತು ನೋಡಿ. ಕೇಸ್ ನಡೆಯುವಾಗ ಸರ್ಕಾರ ತನ್ನ ಕಾಗದ ಪತ್ರ ಕೊಡಬೇಕು, ಅಧಿಕಾರಿಗಳು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. 2019ರಲ್ಲಿ ಅದೆಲ್ಲ ಬಯಲಾಯಿತು. ಭಯೋತ್ಪಾದನೆ, ಡ್ರಗ್ಸ್ ಅಂತ ಹೇಳಿಕೊಂಡು ಬಂದವರು ತೆರಿಗೆ, ದಿವಾಳಿ, ಪರಿಸರ, ಗ್ರಾಹಕರ ಕಾನೂನು ಜಾರಿ ಮಾಡಲೂ ಫೋನ್ ನೋಡಬಹುದು ಅಂತ ಬರೆದುಕೊಂಡಿದ್ದರು. ಬೇರೆ ಇಲಾಖೆ ಕೇಳಿಕೊಂಡರೂ ನೋಡಬಹುದು. ಅನುಮಾನ ನಿಮ್ಮ ಮೇಲೆ ಇಲ್ಲದಿದ್ದರೂ ನಿಮ್ಮ ನೆಂಟರ ಮೇಲೋ ವ್ಯಾಪಾರದ ಪಾಲುದಾರರ ಮೇಲೋ ಇದ್ದರೆ ಸಾಕು. ಪತ್ರಕರ್ತರ ಮೂಲ ಯಾರು ಅಂತ ತಿಳಿಯಲೂ ನೋಡಬಹುದು. ಇದನ್ನೆಲ್ಲ ಯಾವ ಮಂತ್ರಿಯೂ ಪ್ರೆಸ್‌ಮೀಟ್ ಕರೆದು ಹೇಳುವುದಿಲ್ಲ. ಎಸಿಎಲ್‌ಯುನ ಎಶಾ ಭಂಡಾರಿ, ಇಎಫ್‌ಎಫ್‌ನ ಸೋಫಿಯಾ ಕೋಪ್, ಆ್ಯಡಮ್ ಶ್ವಾರ್ಟ್ಜ್ ಇವರೆಲ್ಲ ಕೂತು ಒಂದೊಂದೇ ಕಾಗದ ಎಳೆದು ತೆಗೆದದ್ದು. ವಾದ ಮಂಡಿಸುವುದು ಒಂದು ದಿನದ ಕೆಲಸ. ನಿಜವಾದ ಕೆಲಸ ಈ ಕಾಗದದ್ದು.

ಕಟ್ಟೆಪುರಾಣ
ಕಾಗದ ಸಿಕ್ಕಿತು, ಸಂತೋಷ. ತಪಾಸಣೆ ಕಮ್ಮಿ ಆಯ್ತಾ? ಅದನ್ನು ಹೇಳಿ.

ಬೇ ಏರಿಯಾ ಬಸಣ್ಣ
ಇಲ್ಲ, ಜಾಸ್ತಿ ಆಗಿದೆ. 2017ರ ಹಣಕಾಸು ವರ್ಷದಲ್ಲಿ 30 ಸಾವಿರ ಚಿಲ್ಲರೆ, 2024ರಲ್ಲಿ 47 ಸಾವಿರ. ಬಂದು ಹೋಗುವವರು ವರ್ಷಕ್ಕೆ 40 ಕೋಟಿಗಿಂತ ಜಾಸ್ತಿ, ಹಾಗಾಗಿ ಶೇಕಡಾ 0.01 ಸುತ್ತಮುತ್ತ. ಅದರಲ್ಲೂ ಹತ್ತಕ್ಕೆ ಒಂಬತ್ತು ಕೈಯಲ್ಲಿ ನೋಡಿದ್ದು ಅಷ್ಟೇ. ನಿಮ್ಮ ಅಕ್ಕನ ಮಗಳಿಗೆ ಹೀಗಾಗುವ ಸಾಧ್ಯತೆ ತುಂಬಾ ಕಡಿಮೆ, ತಲೆ ಕೆಡಿಸಿಕೊಳ್ಳಬೇಡಿ.

ಮಲ್ನಾಡ್ ಮಳೆ
ಆ 0.01ರಲ್ಲಿ ನಾನೂ ಒಬ್ಬ 🙋‍♂️

ಊರಿನ ಹೆಸರು ಬೇಡ. ರಾತ್ರಿ ಪ್ರಯಾಣ, ಕಣ್ಣು ಕೆಂಪು. ಪಕ್ಕದ ರೂಮಿಗೆ ಬಾ ಅಂದರು. ಸ್ಟೀಲ್ ಟೇಬಲ್, ಗೋಡೆಗೆ ಕಚ್ಚಿಸಿದ ಕುರ್ಚಿ. ಫೋನ್ ಅನ್‌ಲಾಕ್ ಮಾಡಿ ಕೊಡು ಅಂದರು, ಕೊಟ್ಟೆ. ವಾಟ್ಸಾಪ್ ತೆಗೆದರು. ನಮ್ಮ ಕುಟುಂಬದ ಗ್ರೂಪ್ ನಿಮಗೂ ಗೊತ್ತಲ್ಲ, ಶುಭೋದಯ, ಗಣಪತಿ, ಶುಭೋದಯ, ಯಾರದೋ ಗೃಹಪ್ರವೇಶದ ಫೋಟೋ, ಮತ್ತೆ ಶುಭೋದಯ. ಆ ಮನುಷ್ಯ ಹೆಬ್ಬೆರಳಲ್ಲಿ ಎಳೆದ, ಎಳೆದ, ಮುಗಿಯಲೇ ಇಲ್ಲ. ಒಂದು ಕಡೆ ನಿಲ್ಲಿಸಿ ಇದೇನು ಬರೆದಿದೆ ಓದು ಅಂದ. ಚಿಕ್ಕಮ್ಮ ಬರೆದಿದ್ದು, "ಅಡಿಕೆ ರೇಟು ಬಿದ್ದಿದೆ, ಈಗಲೇ ಕೊಡಬೇಡಿ, ಸ್ವಲ್ಪ ದಿನ ಇಟ್ಟುಕೊಳ್ಳಿ". ಇಂಗ್ಲಿಷಲ್ಲಿ ಅದನ್ನು ಹೇಳುವಾಗ ಎಷ್ಟು ಕಳ್ಳ ಮಾಲಿನ ಥರ ಕೇಳಿಸಿತು ಅಂದರೆ, ನನಗೇ ನನ್ನ ಮೇಲೆ ಅನುಮಾನ ಬಂತು. ಆಮೇಲೆ ಗೂಗಲ್ ಮಾಡಿ ಅಡಿಕೆ ಮರ ತೋರಿಸಿದೆ.

ನಗು ಬರುತ್ತೆ ಈಗ. ಆವಾಗ ಬೆವರಿಳಿಯುತ್ತಿತ್ತು. ಆಮೇಲೆ ತುಂಬಾ ದಿನ ಗ್ರೂಪಲ್ಲಿ ಏನು ಟೈಪ್ ಮಾಡಲೂ ಕೈ ತಡೆಯುತ್ತಿತ್ತು. ಆ ರೂಮಲ್ಲಿ ಕಳೆದ ಹೊತ್ತಿಗಿಂತ ಇದೇ ಜಾಸ್ತಿ ಕಾಡಿದ್ದು.

ಸುಮ್ನೆ ಓದುಗ
ಅಡಿಕೆ ಮಂಡಿ ಅಂತರರಾಷ್ಟ್ರೀಯ ಜಾಲ 😂😂

ಚಿತ್ರಾನ್ನ ಪ್ರಿಯೆ
ಫೋನ್ ಬಿಡಿ, ನಮ್ಮಮ್ಮ ಕಟ್ಟಿಕೊಟ್ಟ ಕರಿಬೇವು ಕಿತ್ತು ಕಸದ ಬುಟ್ಟಿಗೆ ಹಾಕಿದರು. ಅದಕ್ಕೆ ಯಾವ ವಕೀಲರೂ ಬರಲಿಲ್ಲ.

ಬೇ ಏರಿಯಾ ಬಸಣ್ಣ
ಕರಿಬೇವು ನಿಜಕ್ಕೂ ನಿಷೇಧ ಮೇಡಂ. ಕಿತ್ತಳೆ, ನಿಂಬೆ ತೋಟ ಹಾಳು ಮಾಡುವ ರೋಗದ ಕೀಟ ಅದರಲ್ಲಿ ಬರುತ್ತೆ. ಫಾರ್ಮ್‌ನಲ್ಲಿ ಬರೆಯದೆ ಒಯ್ದರೆ ದಂಡ ಕೂಡ ಇದೆ. ಚಟ್ನಿಪುಡಿ ತನ್ನಿ.

ಚಿತ್ರಾನ್ನ ಪ್ರಿಯೆ
ಚಟ್ನಿಪುಡಿಯಲ್ಲೂ ಕರಿಬೇವು ಇರುತ್ತೆ ಅಲ್ವಾ?

ಧಾರವಾಡ ಪೇಡೆ
ವಿಷಯಕ್ಕೆ ಬರ್ರೀ.

ವಕಾಲತ್ತು ಅವರು ಕಾಗದದ ಮಾತು ಆಡಿದ್ದಕ್ಕೆ ಒಂದು ಸೇರಿಸುತ್ತೇನೆ. ಗಡಿ ತಪಾಸಣೆ ಕೇಸ್ ನಡೆಸುವುದು ಕಣ್ಗಾವಲು ಕೇಸಿಗಿಂತ ಎಷ್ಟೋ ವಾಸಿ. ಯಾಕೆಂದರೆ ನಿಮ್ಮ ಫೋನ್ ನೋಡಿದರು ಅನ್ನುವುದು ನಿಮಗೇ ಗೊತ್ತಿರುತ್ತದೆ. ಕದ್ದಾಲಿಕೆಗೆ ಏನು ಸಾಕ್ಷಿ ತರುತ್ತೀರಿ? ಕ್ಲಾಪರ್ ವಿರುದ್ಧ ಆಮ್ನೆಸ್ಟಿ ಕೇಸ್ ನೋಡಿ. ಎಸಿಎಲ್‌ಯು ಪರ ಜಮೀಲ್ ಜಾಫರ್ ವಾದ ಮಾಡಿದರು. 2013ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5-4ರಲ್ಲಿ ಸೋತರು. ಕಾರಣ ಏನು? ನಿಮ್ಮ ಮಾತು ಕೇಳಿಸಿಕೊಂಡಿದ್ದಾರೆ ಅಂತ ನೀವು ತೋರಿಸಲಿಲ್ಲ, ಬರೀ ಊಹೆ, ಹಾಗಾಗಿ ಕೇಸ್ ಹಾಕುವ ಅರ್ಹತೆಯೇ ಇಲ್ಲ ಅಂತ. ಗುಟ್ಟಾಗಿ ಮಾಡುವುದನ್ನು ಸಾಬೀತು ಮಾಡಿ ಬನ್ನಿ ಅಂದ ಹಾಗಾಯಿತು.

ನಾಲ್ಕೇ ತಿಂಗಳು. ಜೂನ್‌ನಲ್ಲಿ ಸ್ನೋಡೆನ್ ಕಾಗದ, ಅಂದರೆ ಕದ್ದಾಲಿಕೆ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವನು ಹೊರಹಾಕಿದ ಗುಟ್ಟಿನ ದಾಖಲೆ, ಹೊರಬಂತು. ವೆರೈಜನ್ ಕಂಪನಿ ತನ್ನ ಗಿರಾಕಿಗಳ ಕರೆಗಳ ವಿವರವನ್ನೆಲ್ಲ ದಿನಾ ಕೊಡಬೇಕು ಅನ್ನುವ ಗುಪ್ತ ಕೋರ್ಟ್ ಆದೇಶ ಜಗತ್ತಿಗೆ ಕಂಡಿತು. ಎಸಿಎಲ್‌ಯು ತಾನೇ ವೆರೈಜನ್ ಗಿರಾಕಿ! ಕೆಲವೇ ದಿನದಲ್ಲಿ ತನ್ನದೇ ಹೆಸರಲ್ಲಿ ಕೇಸ್ ಹಾಕಿತು. ಈ ಸಲ ಅರ್ಹತೆ ಇಲ್ಲ ಅನ್ನಲು ಆಗಲಿಲ್ಲ. 2015ರ ಮೇ ತಿಂಗಳಲ್ಲಿ ಮೇಲ್ಮನವಿ ಕೋರ್ಟ್ ಇದು ಕಾನೂನಿನಲ್ಲಿ ಇಲ್ಲದ ಅಧಿಕಾರ ಅಂತ ಹೇಳಿತು, ಮರು ತಿಂಗಳೇ ಸಂಸತ್ತು ಆ ಥರ ರಾಶಿ ಹಾಕುವುದನ್ನು ನಿಲ್ಲಿಸುವ ಕಾನೂನು ತಂದಿತು.

ವಕಾಲತ್ತು
ಸರಿಯಾಗಿ ಹೇಳಿದಿರಿ. ಇನ್ನೊಂದು ತಮಾಷೆ ಬಿಟ್ಟಿರಿ. ಆ ಆಮ್ನೆಸ್ಟಿ ಕೇಸಿನಲ್ಲಿ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಕೊಟ್ಟ ಭರವಸೆ ಏನು? ಈ ಕದ್ದಾಲಿಕೆಯಿಂದ ಸಿಕ್ಕ ಸಾಕ್ಷಿಯನ್ನು ಯಾರ ವಿರುದ್ಧವಾದರೂ ಬಳಸಿದರೆ ಅವರಿಗೆ ತಿಳಿಸುತ್ತೇವೆ, ಅವರು ಕೇಸ್ ಹಾಕಿಕೊಳ್ಳಲಿ ಅಂತ. ಆಮೇಲೆ ನೋಡಿದರೆ ಯಾರಿಗೂ ತಿಳಿಸುತ್ತಲೇ ಇರಲಿಲ್ಲ. ಗಲಾಟೆಯಾದ ಮೇಲೆ ತಿಳಿಸಲು ಶುರು ಮಾಡಿದರು. ಸೋತ ಕೇಸಿನಲ್ಲಿ ಎದುರು ಕಕ್ಷಿ ಆಡಿದ ಮಾತು ಕೂಡ ಮುಂದೆ ಒಂದು ದಿನ ಕೆಲಸಕ್ಕೆ ಬರುತ್ತೆ.

ಕಟ್ಟೆಪುರಾಣ
ಅಂದರೆ ಗೆಲ್ಲಿಸಿದ್ದು ಸ್ನೋಡೆನ್, ವಕೀಲರಲ್ಲ. ನನ್ನ ಮಾತೇ ಸರಿ ಆಯಿತು.

ಧಾರವಾಡ ಪೇಡೆ
ಕಾಗದ ಸಿಕ್ಕರೆ ಸಾಕೇನ್ರೀ, ಕೋರ್ಟಿಗೆ ಒಯ್ಯುವವರು ಬೇಡವೇನು? ಅದೇ ಕಣ್ಗಾವಲಿನ ವಿರುದ್ಧ ವಿಕಿಪೀಡಿಯ ನಡೆಸುವ ವಿಕಿಮೀಡಿಯಾ ಹಾಕಿದ ಕೇಸ್ 2015ರಿಂದ 2023ರವರೆಗೆ ಎಳೆದು ಕೊನೆಗೆ ರಾಷ್ಟ್ರದ ಗುಟ್ಟು ಅನ್ನುವ ನೆಪದಲ್ಲಿ ಬಿದ್ದುಹೋಯಿತು. ಸ್ನೋಡೆನ್ ಕಾಗದ ಅದರಲ್ಲೂ ಇತ್ತು.

ಟೊರಾಂಟೊ ತಿಮ್ಮ
ನಮ್ಮ ಕಡೆ ಸುದ್ದಿ ಹೇಳುತ್ತೇನೆ. ಕೆನಡಾದಲ್ಲಿ 2020ರಲ್ಲಿ ಆಲ್ಬರ್ಟಾ ಮೇಲ್ಮನವಿ ಕೋರ್ಟ್, ಫೋನನ್ನು ಸೂಟ್‌ಕೇಸ್ ಸಾಮಾನಿನ ಥರ ನೋಡುವ ಕಸ್ಟಮ್ಸ್ ಕಾನೂನಿನ ಭಾಗ ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದು ಹಾಕಿತು. ಅದೂ ಮಕ್ಕಳ ಚಿತ್ರದ ಕೇಸೇ, ಆರೋಪಿಗಳಿಗೆ ಶಿಕ್ಷೆಯೂ ಉಳಿಯಿತು. ನ್ಯೂಜಿಲೆಂಡ್‌ನಲ್ಲಿ ಉಲ್ಟಾ: 2018ರ ಕಾನೂನಿನ ಪ್ರಕಾರ ಅನುಮಾನಕ್ಕೆ ಕಾರಣ ಇದ್ದು ಪಾಸ್‌ವರ್ಡ್ ಕೇಳಿದಾಗ ಕೊಡದಿದ್ದರೆ 5000 ಡಾಲರ್‌ವರೆಗೆ ದಂಡ. ಬ್ರಿಟನ್ನಿನಲ್ಲಂತೂ ಭಯೋತ್ಪಾದನೆ ಕಾನೂನಿನಡಿ ಹಿಡಿದಾಗ ಪಾಸ್‌ವರ್ಡ್ ಕೊಡದಿದ್ದರೆ ಅದೇ ಅಪರಾಧ.

ತುಂಗಾತೀರ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಹಾಗಾದರೆ ಬೋಸ್ಟನ್‌ನಲ್ಲಿ ಇಳಿಯುವವರಿಗೆ ಯಾವ ನಿಯಮ? ಅವಳ ಟಿಕೆಟ್ ಅಬುಧಾಬಿ ಮೇಲೆ ಇದೆ.

ವಕಾಲತ್ತು
ಎಲ್ಲಿ ಇಳಿಯುತ್ತೀರೋ ಅಲ್ಲಿನ ಸರ್ಕ್ಯೂಟ್ ಕಾನೂನು, ಇದೇ ಕಿರಿಕಿರಿ. ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ಕಡೆ 2019ರ ಕ್ಯಾನೊ ತೀರ್ಪು ಇದೆ. ಫೋನ್ ಒಳಗೇ ಇರುವ ನಿಷಿದ್ಧ ಮಾಲು ಹುಡುಕಲು ಮಾತ್ರ ನೋಡಬೇಕು, ಬೇರೆ ಅಪರಾಧದ ಸಾಕ್ಷಿ ಹುಡುಕಬಾರದು ಅಂತ. ಬೋಸ್ಟನ್‌ಗೆ ಅಲಾಸಾದ್ ತೀರ್ಪೇ ಅನ್ವಯ, ಕೈಯಲ್ಲಿ ನೋಡಲು ಯಾವ ಕಾರಣವೂ ಬೇಡ. ಫ್ಲಾರಿಡಾ ಕಡೆ ಮೆಷಿನ್‌ಗೆ ಹಾಕಲೂ ಕಾರಣ ಬೇಡ ಅಂತ 2018ರಲ್ಲಿ ಹೇಳಿದ್ದಾರೆ. ನ್ಯೂಯಾರ್ಕ್‌ನಲ್ಲಿ 2023ರಲ್ಲಿ ಒಬ್ಬರು, 2024ರ ಜುಲೈನಲ್ಲಿ ಇನ್ನೊಬ್ಬರು ಜಡ್ಜ್ ವಾರಂಟೇ ಬೇಕು ಅಂದರು. ಎರಡನೆಯದು ಜೆಎಫ್‌ಕೆ ಏರ್‌ಪೋರ್ಟ್‌ನ ಕೇಸ್. ಅದರಲ್ಲಿ ಕೋರ್ಟ್‌ಗೆ ನೆರವಾಗಿ ವಾದಪತ್ರ ಹಾಕಿದವರಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ದುಡಿಯುವ ನೈಟ್ ಸಂಸ್ಥೆಯೂ ಒಂದು. ಅದನ್ನು ನಡೆಸುವವರು ಯಾರು ಗೊತ್ತಾ? ಅದೇ 2013ರಲ್ಲಿ ಸೋತ ಜಮೀಲ್ ಜಾಫರ್.

ಇದೇ ಥರ ಅಲಾಸಾದ್‌ನಲ್ಲಿ 2019ರಲ್ಲಿ ಗೆಲ್ಲಿಸಿದ ಜಡ್ಜ್ ಡೆನಿಸ್ ಕ್ಯಾಸ್ಪರ್. ಅವರ ಮುಂದೆಯೇ 2012ರಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಕೇಸ್ ಬಂದಿತ್ತು. ಷಿಕಾಗೊ ಏರ್‌ಪೋರ್ಟ್‌ನಲ್ಲಿ ಕಿತ್ತುಕೊಂಡಿದ್ದು. ವಜಾ ಮಾಡಿ ಅಂತ ಸರ್ಕಾರ ಕೇಳಿದ್ದನ್ನು ಅವರು ಒಪ್ಪಲಿಲ್ಲ, ಮರುವರ್ಷ ಸರ್ಕಾರ ರಾಜಿಗೆ ಬಂದು ಕಾಪಿಗಳನ್ನು ನಾಶ ಮಾಡಿತು. ಐದು ವರ್ಷದ ನಂತರದ ಕೇಸ್ ಆ ಹಳೆಯದರ ಮೇಲೇ ನಿಂತಿತು. ಈ ವಕೀಲರ ಲೆಕ್ಕ ಹಾಗೆ ಸಾರ್, ವರ್ಷಗಳಲ್ಲಿ ಅಲ್ಲ, ದಶಕಗಳಲ್ಲಿ.

ಬೇ ಏರಿಯಾ ಬಸಣ್ಣ
ಅಬುಧಾಬಿ ಅಂದರೆ ಅಮೆರಿಕದ ಗಡಿ ತಪಾಸಣೆ ಅಲ್ಲೇ ಮುಗಿಯುತ್ತೆ, ಅಮೆರಿಕದ ಅಧಿಕಾರಿಗಳು ಅಲ್ಲೇ ಕೂತಿರುತ್ತಾರೆ. ಬೋಸ್ಟನ್‌ನಲ್ಲಿ ಇಳಿದಾಗ ಒಳನಾಡಿನ ವಿಮಾನದ ಥರ ಹೊರಗೆ ಹೋಗಬಹುದು. ಏನಾದರೂ ಎಡವಟ್ಟು ಆದರೆ ಅಬುಧಾಬಿಯಿಂದಲೇ ವಾಪಸ್.

ಮತ್ತೆ ಇದನ್ನು ಗಟ್ಟಿಯಾಗಿ ಹೇಳಿ: ಮೇಲಿನ ತೀರ್ಪುಗಳೆಲ್ಲ ಓದಲು ಚೆಂದ. ಪಾಸ್‌ಕೋಡ್ ಕೊಡಲ್ಲ ಅಂದರೆ ಅಮೆರಿಕದ ಪ್ರಜೆಯನ್ನು ಒಳಗೆ ಬಿಡಲೇಬೇಕು, ಫೋನ್ ಮಾತ್ರ ಇಟ್ಟುಕೊಳ್ಳಬಹುದು. ವೀಸಾದವರನ್ನು ವಾಪಸ್ ಕಳಿಸಬಹುದು. ಹಾಗಾಗಿ ಸ್ಟೂಡೆಂಟ್‌ಗಳು ಅಲ್ಲಿ ನಿಂತು ಕಾನೂನು ಮಾತಾಡುವುದು ಬೇಡ. ಹೋಗುವ ಮೊದಲೇ ಬೇಡದ ಆ್ಯಪ್‌ಗಳಿಂದ ಲಾಗ್‌ಔಟ್ ಆಗಿ, ಫೋನ್ ಪೂರ್ತಿ ಆಫ್ ಮಾಡಿ, ಸುಳ್ಳು ಮಾತ್ರ ಹೇಳಬೇಡಿ, ಅದು ಬೇರೆಯೇ ಅಪರಾಧ. ಫೋನ್ ಇಟ್ಟುಕೊಂಡರೆ 6051ಡಿ ಅನ್ನುವ ರಸೀದಿ ಕೇಳಿ ಪಡೆಯಬೇಕು. ಸಾಮಾನ್ಯವಾಗಿ ಐದು ದಿನದೊಳಗೆ ಫೋನ್ ವಾಪಸ್ ಕೊಡಬೇಕು ಅಂತ ಆ 2018ರ ನಿಯಮದಲ್ಲೇ ಇದೆ.

ಚುರ್ಮುರಿ
ವಕೀಲರ ಫೋನ್ ಆದರೆ ಬಿಡುತ್ತಾರಾ? ಗುಟ್ಟಿನ ಕಾಗದ ಇರುತ್ತಲ್ಲ.

ವಕಾಲತ್ತು
ಬಿಡಲಿಲ್ಲ. 2025ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ಏರ್‌ಪೋರ್ಟ್‌ನಲ್ಲಿ ಅಲ್ಲಿನದೇ ಒಬ್ಬ ವಕೀಲರನ್ನು ತಡೆದರು. ಅಮೆರಿಕದಲ್ಲೇ ಹುಟ್ಟಿದವರು, ಹೆಂಡತಿ ಮಕ್ಕಳ ಜೊತೆ ರಜೆ ಮುಗಿಸಿ ಬರುತ್ತಿದ್ದರು, ಪ್ರತಿಭಟನೆಯಲ್ಲಿ ಬಂಧಿತನಾದ ವಿದ್ಯಾರ್ಥಿಯ ಪರ ಕೇಸ್ ನಡೆಸುತ್ತಿದ್ದವರು. ಕಕ್ಷಿದಾರರ ಗುಟ್ಟು ಇದೆ, ಫೋನ್ ಕೊಡುವುದಿಲ್ಲ ಅಂತ ಪಟ್ಟು ಹಿಡಿದರು. ಕೊನೆಗೆ ಕಾಂಟ್ಯಾಕ್ಟ್ ಪಟ್ಟಿ ಮಾತ್ರ ನೋಡಲು ಒಪ್ಪಿ ಹೊರಬಂದರು. ವಕೀಲರ ಕಾಗದವನ್ನು ಬೇರೆ ಇಡಬೇಕು, ಇಲಾಖೆಯ ಕಾನೂನು ಅಧಿಕಾರಿಯನ್ನು ಕೇಳಬೇಕು ಅಂತ ನಿಯಮದಲ್ಲಿದೆ. ಕಾನೂನು ಗೊತ್ತಿದ್ದವರಿಗೇ ಇಷ್ಟು ಪಾಡು.

ಮಂಡಕ್ಕಿ ಮಂಜ
ಅಮೆರಿಕ ಅಮೆರಿಕ ಅಂತೀರಲ್ಲ, ನಮ್ಮ ಹೆಗಡೆಯವರು 1988ರಲ್ಲಿ ಫೋನ್ ಕದ್ದಾಲಿಕೆ ಆರೋಪದಲ್ಲೇ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಈಗ ಯಾರಾದರೂ ಬಿಡುತ್ತಾರಾ? 2021ರಲ್ಲಿ ಹೈದರಾಬಾದ್‌ನಲ್ಲಿ ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ವಾಟ್ಸಾಪ್‌ನಲ್ಲಿ ಗಾಂಜಾ ಅಂತ ಹುಡುಕುತ್ತಿದ್ದರು.

ಧಾರವಾಡ ಪೇಡೆ
ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ಜಡ್ಜ್‌ಗಳ ಪೀಠ ಹೇಳಿದ ಕೇಸ್ ನಮ್ಮ ಪುಟ್ಟಸ್ವಾಮಿಯವರದೇ ಅಲ್ಲೇನ್ರೀ. ಕರ್ನಾಟಕ ಹೈಕೋರ್ಟ್‌ನಿಂದ ನಿವೃತ್ತರಾಗಿ, 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದವರು. ಫೋನ್‌ಗೆ ನುಸುಳುವ ಪೆಗಾಸಸ್ ಗೂಢಚಾರಿ ಸಾಫ್ಟ್‌ವೇರ್‌ನ ವಿಚಾರಣೆ ನೋಡಿಕೊಂಡ ನ್ಯಾಯಮೂರ್ತಿ ರವೀಂದ್ರನ್ ಕೂಡ ನಮ್ಮವರೇ. 29 ಫೋನ್ ನೋಡಿ ಐದರಲ್ಲಿ ಯಾವುದೋ ಮಾಲ್‌ವೇರ್ ಇದೆ, ಪೆಗಾಸಸ್ ಅಂತ ಖಚಿತ ಇಲ್ಲ ಅಂತ ವರದಿ ಬಂತು. ಕೇಂದ್ರ ಸಹಕರಿಸಲಿಲ್ಲ ಅಂತ 2022ರಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ಕೋರ್ಟ್‌ನಲ್ಲಿ ಹೇಳಿದರು.

ಕಟ್ಟೆಪುರಾಣ
ನೋಡಿ, ಅಲ್ಲೂ ಇಲ್ಲೂ ಒಂದೇ. ಹಕ್ಕು ಇದೆ ಅಂತ ಬರೆದುಕೊಡುತ್ತಾರೆ, ಫೋನ್ ಕೇಳಿದರೆ ಕೊಡಬೇಕು.

ವಕಾಲತ್ತು
ಕೊಡಬೇಕಿಲ್ಲ. 2021ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟೇ ಹೇಳಿದೆ, ತುರ್ತು ಇಲ್ಲದಿದ್ದರೆ ಫೋನ್ ಒಳಗೆ ಹುಡುಕಲು ಕೋರ್ಟ್‌ನಿಂದ ವಾರಂಟ್ ತರಬೇಕು ಅಂತ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ, ಅದು ನನಗೆ ಒಪ್ಪಿಗೆ ಇಲ್ಲ. ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.

ಚಿತ್ರಾನ್ನ ಪ್ರಿಯೆ
ಬೇರೆ ಚರ್ಚೆ ಶುರು ಮಾಡುವ ಮೊದಲು ಚಟ್ನಿಪುಡಿ ವಿಷಯ ಯಾರಾದರೂ ಹೇಳಿ, ನಾಳಿದ್ದು ಅಮ್ಮ ಹೊರಡುತ್ತಾರೆ.